ಬೆನ್ನಿನೊಳಗಿನ ಚೀಟಿ

ಫೋರ್ಟಿನ ವಾಚನಾಲಯದಿಂದ ಬಂದ ಸಂಪುಟ.
ತೊಗಲು ಕಿತ್ತಿದೆ, ದಾರ ಸತ್ತಿದೆ,
ಹಾಳೆ ತಿರುವಿದರೆ ಬೆರಳಿಗೆ ಕಂದು ಪುಡಿ.
ವೇಲ್ಸ್ ದೇಶದ ಗಣ್ಯರ ಜೀವನಗಳು, ಮೂರನೆಯ ಭಾಗ.
ಒಂದು, ಎರಡು ಎಲ್ಲಿವೆಯೋ
ಗುಮಾಸ್ತ ಚಿಂದರಕರನಿಗೂ ಗೊತ್ತಿಲ್ಲ.
"ಇಂಗ್ಲಿಷಿನವರದ್ದು," ಎನ್ನುತ್ತ ಬರೆದುಕೊಂಡ.
ಅಲ್ಲ ಮಾರಾಯ, ಎನ್ನಬೇಕೆನಿಸಿತು.
ಇಪ್ಪತ್ತು ವರ್ಷದಿಂದ ನನ್ನನ್ನು
ಮದ್ರಾಸಿ ಬಾಯಿ ಎಂದೇ ಕರೆಯುವವನಿಗೆ
ಆ ವ್ಯತ್ಯಾಸ ಹೇಗೆ ಹೇಳುವುದು?

ಬೈಂಡು ಮಾಡುವವರು ಓದಬಾರದು,
ಓದಿದರೆ ಕೆಲಸ ಕೆಡುತ್ತದೆ. ಅಪ್ಪನ ಮಾತು.
ಅಪ್ಪ ಓದುತ್ತಿದ್ದ.

ಎಲ್ಲರೂ ಜೋನ್ಸ್. ಇಲ್ಲವೇ ಡೇವಿಸ್. ಇಲ್ಲವೇ ಇವಾನ್ಸ್.
ಒಂದೇ ಪುಟದಲ್ಲಿ ಏಳು ಜಾನ್ ಜೋನ್ಸ್!
ನಗು ಬಂತು. ನಮ್ಮ ಬೋರಾ ಬಜಾರದ ಗಲ್ಲಿಯಲ್ಲಿ
ಶೆಟ್ರೇ ಎಂದರೆ ಹನ್ನೊಂದು ತಲೆ ತಿರುಗುತ್ತಿದ್ದವು.
ಅದಕ್ಕೇ ಇಡ್ಲಿ ಶೆಟ್ಟಿ, ಲಾಂಡ್ರಿ ಶೆಟ್ಟಿ,
ಕೋರ್ಟಿನೆದುರಿನ ಶೆಟ್ಟಿ, ಸತ್ತ ಶೆಟ್ಟಿಯ ತಮ್ಮ.
ಅಲ್ಲಿಯೂ ಹಾಗೇ ಅಂತೆ: ರೊಟ್ಟಿ ಜೋನ್ಸ್, ಹೆಣದಪೆಟ್ಟಿಗೆ ಇವಾನ್ಸ್.
ಪದ್ಯ ಬರೆಯುವವರು ಮಾತ್ರ
ಹೊಳೆಯದ್ದೋ ಗುಡ್ಡದ್ದೋ ಹೆಸರು ಹೊತ್ತು ಪಾರಾದರು.

ಮೆರೆಡಿತ್ ಪ್ರೊಬರ್ಟ್. ಸ್ಲೇಟುಗಣಿಯ ಕೂಲಿ, ನಿಘಂಟುಕಾರ.
ಎರಡರ ನಡುವೆ ಬರೀ ಒಂದು ಅಲ್ಪವಿರಾಮ.
ಹಗಲು ಕಲ್ಲು ಸೀಳಿದ, ರಾತ್ರಿ ಮಾತು ಸೀಳಿದ,
ಧೂಳು ಎದೆಗಿಳಿದು ನಲವತ್ತೆರಡಕ್ಕೇ ಹೋದ.
ಅವನ ಭಾಷೆ ಅರ್ಧ ವರ್ಣಮಾಲೆಗೇ ನಿಂತಿತು.

ಶಾನ್ ಪ್ರಿದರ್ಚ್. ಹಾಲು ಮಾರಿದವಳು, ಪತ್ರಿಕೆಯ ಸಂಪಾದಕಿ.
ಊರು ಬಿಟ್ಟು ಲಂಡನ್ನಿಗೆ ಬಂದ ಅವಳ ಮಂದಿ
ಹಾಲಿನಂಗಡಿ ಇಟ್ಟರು, ನಮ್ಮವರು
ಇಲ್ಲಿಗೆ ಬಂದು ಹೋಟೆಲು ಇಟ್ಟ ಹಾಗೆ.
ನಾಲ್ಕಕ್ಕೆ ಎದ್ದು ಕ್ಯಾನು, ಆಮೇಲೆ ಗಲ್ಲಾದ ಹಿಂದೆ ಪ್ರೂಫು.
ಸಂಪಾದಕೀಯಕ್ಕೆ ಹಾಲಿನ ವಾಸನೆ ಎಂದು ಹಂಗಿಸಿದರು.
ಹಾಲಿನ ಬಾಕಿ ಉಳಿಸಿಕೊಂಡ ಕವಿಗಳ ಹೆಸರನ್ನು
ಆಕೆ ಕಡೆಗೂ ಬಾಯಿಬಿಡಲಿಲ್ಲ.

ಇನ್ನೊಬ್ಬ, ಪಾರ್ಲಿಮೆಂಟಿಗೆ ಹೋದವನು,
ಏಳರ ವಯಸ್ಸಿನಲ್ಲಿ ಶಾಲೆಯಲ್ಲಿ ಮನೆಮಾತಾಡಿ
ಕೊರಳಿಗೆ ಮರದ ತುಂಡು ಕಟ್ಟಿಸಿಕೊಂಡ.
ಮತ್ತೊಬ್ಬ ಬಾಯಿಬಿಟ್ಟರೆ ಅದು ಅವನ ಕೊರಳಿಗೆ.
ಸಂಜೆಯ ಗಂಟೆ ಹೊಡೆದಾಗ ಯಾರಲ್ಲಿದೆಯೋ ಅವನಿಗೆ ಬೆತ್ತ.
ಅವನ ಭಾಷಣಗಳ ಪಟ್ಟಿಯೇ ಒಂದೂವರೆ ಪುಟ.
ತುಂಡನ್ನು ಯಾರಿಗೆ ದಾಟಿಸಿದ, ಬರೆದಿಲ್ಲ.

ಅಲ್ಲಿ ಸೂಜಿ ನಿಲ್ಲಿಸಿ ಕೂತೆ.
ಭಾಯ್ಖಳಾದ ಕಾನ್ವೆಂಟಿನಲ್ಲಿ ಐದು ಪೈಸೆ ದಂಡವಿತ್ತು.
ನಾನು ಹೇಳಿಕೊಟ್ಟದ್ದು ಜಲಜೆಯ ಹೆಸರು.
ಮೆಟ್ಟಿಲಲ್ಲಿ ಬಿದ್ದು, ಮೊಣಕಾಲು ಒಡೆದು,
"ಅಯ್ಯಬ್ಬೇ" ಎಂದಿದ್ದಳು. ಅಷ್ಟೆ.

ಹಳೆಯ ಅಂಟು ಕೆರೆದಾಗ ಬೆನ್ನಿನಿಂದ ಹೊರಬಂತು
ಒಳಪಟ್ಟಿಗೆ ಹಚ್ಚಿದ್ದ ರದ್ದಿ: ಹಾಲಿನ ಲೆಕ್ಕದ ಚೀಟಿ,
ಅವರದೇ ಭಾಷೆಯಲ್ಲಿ. ಎಲ್ಲೆಲ್ಲೂ ಜೋಡಿ ಎಲ್, ಜೋಡಿ ಡಿ,
ಒತ್ತಕ್ಷರ ಬಲ್ಲ ನಾಲಗೆಗೂ ಹಿಡಿತ ಸಿಗಲಿಲ್ಲ.
ಅಂಕಿ ಓದಲು ಬಂತು. ಕೂಡಿಸಿದ್ದು ತಪ್ಪಾಗಿತ್ತು,
ಗಿರಾಕಿಯ ಪರವಾಗಿ.

ಬೆನ್ನಿಗೆ ಹೊಸ ಪಟ್ಟಿ ಬೇಕು.
ಮೇಜಿನಡಿಯ ರದ್ದಿಯಲ್ಲಿ ಅಪ್ಪನ ರಾತ್ರಿಶಾಲೆಯ ಕಾಪಿ.
ದಿನವಿಡೀ ಗ್ಲಾಸು ತೊಳೆದು ಬಿಳುಚಿದ ಬೆರಳು
ಹತ್ತು ಗಂಟೆಯ ಮೇಲೆ ತಿದ್ದಿದ ಕಾಗುಣಿತ.
ಒಂದು ಳಕಾರವೂ ನೆಟ್ಟಗಿಲ್ಲ.
ಅದಕ್ಕೂ ಮೊದಲು ಬರೆದದ್ದು ಸ್ಲೇಟಿನ ಮೇಲೆ,
ಎಂಜಲು ಹಚ್ಚಿ ಒರೆಸಿದ್ದು.
ಆ ಕಲ್ಲು ಯಾವ ಗುಡ್ಡದಿಂದ ಬಂದಿತ್ತೋ.

ಒಂದು ಹಾಳೆ ಉದ್ದಕ್ಕೆ ಕತ್ತರಿಸಿ, ಮೈದಾ ಅಂಟು ಸವರಿ
ಏಳೂ ಜೋನ್ಸರ ಬೆನ್ನಿಗೆ ಹಚ್ಚಿದೆ, ಅಕ್ಷರ ಒಳಮುಖ.
ಪಕ್ಕದಲ್ಲೇ ಹಾಲಿನ ಚೀಟಿ.
ಮೇಲೆ ಬಟ್ಟೆ, ಅದರ ಮೇಲೆ ತೊಗಲು.
ಇನ್ನು ಮುಂದಿನ ಬೈಂಡರು ಬಿಚ್ಚಬೇಕು,
ಎಂಬತ್ತು ವರ್ಷಕ್ಕೋ, ನೂರಕ್ಕೋ.

ಚಿಂದರಕರ ಕೈಯಲ್ಲಿ ತೂಗಿ ನೋಡಿ,
"ಬೆನ್ನು ದಪ್ಪ ಆಯಿತಲ್ಲ ಬಾಯಿ," ಎಂದ.
ರಸೀದಿಗೆ ಕನ್ನಡದಲ್ಲಿ ಸಹಿ ಹಾಕಿದೆ.
"ಹಸಿ ಇದೆ," ಎಂದೆ. "ಒಣಗಿದರೆ ಸರಿಹೋಗುತ್ತದೆ."